ಒಂದೇ ಒಲೆ, ಮೂರು ಡಬ್ಬಿ

ಮಕ್ಕಳ ಶಾಲೆಯ ಊಟದ ಡಬ್ಬಿಯ ಮಾತು ಬಂದಾಗಲೆಲ್ಲ ನಾವು ಅಡುಗೆಮನೆಯಲ್ಲಿ ನಿಂತೇ ಯೋಚಿಸುತ್ತೇವೆ. ಯಾವ ಸೊಪ್ಪು ಹಾಕಬೇಕು, ಯಾವ ಕಾಳು ನೆನೆಸಬೇಕು, ನಿನ್ನೆ ಚಪಾತಿಯಾಗಿದ್ದರೆ ಇವತ್ತು ಅನ್ನದ ಬಗೆ ಏನಾದರೂ ಆಗಬೇಕಲ್ಲವೇ ಎಂಬ ಪ್ರಶ್ನೆಗಳು ಒಲೆಯ ಪಕ್ಕದಲ್ಲಿ ಹುಟ್ಟಿ ಅಲ್ಲಿಯೇ ಮುಗಿದುಹೋಗುತ್ತವೆ. ಆದರೆ ಆ ಡಬ್ಬಿ ತೆರೆಯುವುದು ನಮ್ಮ ಮನೆಯಲ್ಲಲ್ಲ. ಬೆಳಿಗ್ಗೆ ಏಳು ಗಂಟೆಗೆ ನಾವು ಹಾಕಿದ ಮುಚ್ಚಳ ಮಧ್ಯಾಹ್ನ ಹನ್ನೆರಡೂವರೆ ದಾಟಿದ ಮೇಲೆ, ನಾವಿಲ್ಲದ ಕೋಣೆಯಲ್ಲಿ, ಮೂವತ್ತು ನಲವತ್ತು ಮಕ್ಕಳ ಗದ್ದಲದ ನಡುವೆ, ಮಗುವಿನ ಕೈಯಿಂದಲೇ ತೆರೆಯಬೇಕು. ಒಳಗಿರುವುದು ಇಪ್ಪತ್ತು ನಿಮಿಷಗಳಲ್ಲಿ ಹೊಟ್ಟೆ ಸೇರಬೇಕು. ಡಬ್ಬಿಗೆ ತುಂಬಿದ್ದರಲ್ಲಿ ಎಷ್ಟು ಪೋಷಕಾಂಶವಿತ್ತು ಎನ್ನುವುದಕ್ಕಿಂತ ಅದರಲ್ಲಿ ಎಷ್ಟು ಮಗುವಿನ ಬಾಯಿಗೆ ಹೋಯಿತು ಎನ್ನುವುದೇ ಮುಖ್ಯವಾದ್ದರಿಂದ, ಡಬ್ಬಿಯನ್ನು ಶಾಲೆಯ ಬೆಂಚಿನ ಕಡೆಯಿಂದ ನೋಡಿ ತಯಾರಿಸಬೇಕು ಎಂದು ನಾನು ನಂಬಿದ್ದೇನೆ.

ಮೈಸೂರಿನ ನಮ್ಮ ಮನೆಯಿಂದ ಪ್ರತಿದಿನ ಮೂರು ಡಬ್ಬಿಗಳು ಹೊರಡುತ್ತವೆ. ಮೈದುನನ ಮಗಳು ಎಲ್‌ಕೆಜಿಯಲ್ಲಿದ್ದಾಳೆ, ನನ್ನ ಮಗ ನಾಲ್ಕನೇ ತರಗತಿಯಲ್ಲಿದ್ದಾನೆ, ಮಗಳು ಒಂಬತ್ತನೇ ತರಗತಿಗೆ ಬಂದಿದ್ದಾಳೆ. ಕೂಡು ಕುಟುಂಬವಾದ್ದರಿಂದ ಬೆಳಗಿನ ಅಡುಗೆ ಒಂದೇ. ನಾನೂ ಓರಗಿತ್ತಿಯೂ ಸೇರಿ ಮಾಡುತ್ತೇವೆ, ಅತ್ತೆಯವರು ಸೊಪ್ಪು ಬಿಡಿಸಿ ಕೊಡುತ್ತಾರೆ. ಅಡುಗೆ ಒಂದೇ ಆದರೂ ಮೂರು ಡಬ್ಬಿಗಳೂ ಒಂದೇ ರೀತಿ ಇರಲು ಸಾಧ್ಯವಿಲ್ಲ. ನಾಲ್ಕೂವರೆ ವರ್ಷದ ಮಗುವಿನ ಡಬ್ಬಿ ಖಾಲಿಯಾಗಲು ಬೇಕಾದದ್ದೇ ಬೇರೆ, ಒಂಬತ್ತು ವರ್ಷದ ಹುಡುಗನ ಡಬ್ಬಿ ಖಾಲಿಯಾಗಲು ಬೇಕಾದದ್ದೇ ಬೇರೆ, ಹದಿನಾಲ್ಕರ ಹುಡುಗಿಗೆ ಬೇಕಾದದ್ದೇ ಬೇರೆ.

ಚಿಕ್ಕವಳ ಡಬ್ಬಿಯಲ್ಲಿ ಮೊದಲು ನೋಡಬೇಕಾದದ್ದು ಮುಚ್ಚಳವನ್ನು. ಅಂಗಡಿಯಲ್ಲಿ ಸಿಗುವ ಚೆಂದದ ಡಬ್ಬಿಗಳಲ್ಲಿ ನಾಲ್ಕೂ ಕಡೆ ಕ್ಲಿಪ್ ಇರುವವು ಸಾರು ಸೋರದಂತೆ ನೋಡಿಕೊಳ್ಳುತ್ತವೆ, ನಿಜ. ಆದರೆ ಅವುಗಳನ್ನು ಬಿಚ್ಚಲು ಬೇಕಾದ ಬಲ ನಾಲ್ಕೂವರೆ ವರ್ಷದ ಹೆಬ್ಬೆರಳಿಗೆ ಇರುವುದಿಲ್ಲ. ಸ್ಟೀಲ್ ಡಬ್ಬಿಗೆ ಬಿಸಿಬಿಸಿ ಅನ್ನ ತುಂಬಿ ಕೂಡಲೇ ಬಿಗಿದರೆ, ಒಳಗಿನ ಹಬೆ ತಣಿದು ನೀರಾಗುವಾಗ ಮುಚ್ಚಳ ಒಳಕ್ಕೆ ಹೀರಿಕೊಂಡು ಕಚ್ಚಿಕೊಳ್ಳುತ್ತದೆ. ದೊಡ್ಡವರೇ ಅದನ್ನು ತೆಗೆಯಲು ಚಮಚದ ಹಿಡಿಯನ್ನು ತೂರಿಸಬೇಕಾಗುತ್ತದೆ. ತರಗತಿಗೆ ಒಬ್ಬರೇ ಆಯಾ ಇರುವಾಗ ಎಲ್ಲ ಮಕ್ಕಳ ಡಬ್ಬಿಗಳನ್ನೂ ಅವರೇ ಸರದಿಯಂತೆ ತೆರೆದುಕೊಡಬೇಕು, ಸರದಿ ಬರುವಷ್ಟರಲ್ಲಿ ಊಟದ ಹೊತ್ತಿನ ಕಾಲುಭಾಗ ಕಳೆದಿರುತ್ತದೆ. ಆದ್ದರಿಂದ ಹೊಸ ಡಬ್ಬಿ ಕೊಂಡಾಗ ರಜೆಯ ದಿನ ಮನೆಯಲ್ಲೇ ಅದರಲ್ಲಿ ತಿಂಡಿ ಹಾಕಿ, ನೆಲದ ಮೇಲೆ ಕೂರಿಸಿ, ಮಗುವೇ ತೆರೆದು, ತಿಂದು, ಮುಚ್ಚಿ, ಚೀಲದೊಳಗೆ ಇಡುವವರೆಗೂ ನಾವು ಕೈಹಾಕದೆ ನೋಡುವುದು ಒಳ್ಳೆಯದು. ಆ ಒಂದು ಊಟದಲ್ಲಿ ಡಬ್ಬಿಯ ಬಗ್ಗೆ ತಿಳಿಯಬೇಕಾದುದೆಲ್ಲ ತಿಳಿಯುತ್ತದೆ.

ಮುಚ್ಚಳದ ನಂತರ ಕೈಯ ವಿಚಾರ. ಚಪಾತಿಯನ್ನು ಹರಿಯಲು ಎರಡು ಕೈಗಳ ಬಲವೂ ಸ್ವಲ್ಪ ಅಭ್ಯಾಸವೂ ಬೇಕು. ತಣ್ಣಗಾದ ಚಪಾತಿಯಾದರೆ ಇನ್ನಷ್ಟು. ಸುರುಳಿ ಸುತ್ತಿ ಕೊಟ್ಟರೆ ಪಲ್ಯ ಇನ್ನೊಂದು ತುದಿಯಿಂದ ಮಡಿಲಿಗೆ ಬೀಳುತ್ತದೆ, ಬಟ್ಟೆ ಕೊಳೆಯಾಯಿತೆಂಬ ಚಿಂತೆಯಲ್ಲಿ ಮಗು ಊಟವನ್ನೇ ಬಿಡುತ್ತದೆ. ಅವಳಿಗೆ ಒಂದೊಂದೇ ಎತ್ತಿ ಬಾಯಿಗಿಡಬಹುದಾದ ಪಡ್ಡು, ಪುಟ್ಟ ಅಚ್ಚಿನ ಇಡ್ಲಿ, ಅಂಗುಲದಗಲಕ್ಕೆ ಕತ್ತರಿಸಿದ ಅಕ್ಕಿ ರೊಟ್ಟಿ ಇವೆಲ್ಲ ಹೊಂದುತ್ತವೆ. ಅನ್ನವಾದರೆ ಚಮಚದಲ್ಲಿ ಎತ್ತಿದಾಗ ಉದುರದಷ್ಟು ಮೆತ್ತಗಿರಬೇಕು. ಬಿಸಿಬೇಳೆಬಾತ್, ಪೊಂಗಲ್ ಇವೆಲ್ಲ ಆರುತ್ತ ಆರುತ್ತ ಗಟ್ಟಿಯಾಗುವುದರಿಂದ, ಬೆಳಿಗ್ಗೆ ತಟ್ಟೆಯಲ್ಲಿ ಸರಿಯೆನಿಸುವ ಹದಕ್ಕಿಂತ ಒಂದು ಸೌಟು ಹೆಚ್ಚು ನೀರಿನಲ್ಲಿ ತೆಳುವಾಗಿಯೇ ತುಂಬಬೇಕು. ತುಪ್ಪ ಸ್ವಲ್ಪ ಜಾಸ್ತಿ ಬಿದ್ದರೆ ಕೆಟ್ಟದ್ದೇನಿಲ್ಲ. ಇಷ್ಟು ಚಿಕ್ಕ ಹೊಟ್ಟೆಗೆ ಕಡಿಮೆ ತುತ್ತುಗಳಲ್ಲಿ ಹೆಚ್ಚು ಶಕ್ತಿ ಸಿಗಬೇಕು.

ಈ ವಯಸ್ಸಿನಲ್ಲಿ ಒಂದು ಅಪಾಯದ ಕಡೆ ಗಮನ ಕೊಡಲೇಬೇಕು. ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿಯ ತುಂಡು, ಇಡೀ ದ್ರಾಕ್ಷಿ ಇವು ಆರೋಗ್ಯಕ್ಕೆ ಒಳ್ಳೆಯವೇ ಆದರೂ, ನಗುತ್ತ ಮಾತಾಡುತ್ತ ತಿನ್ನುವ ಚಿಕ್ಕ ಮಗುವಿನ ಶ್ವಾಸನಾಳಕ್ಕೆ ಇಳಿಯಬಲ್ಲವು. ಹೀಗೆ ಸಿಕ್ಕಿಕೊಂಡ ಕಡಲೆಬೀಜವನ್ನು ತೆಗೆಯಲು ಅರಿವಳಿಕೆ ಕೊಟ್ಟು ನಳಿಕೆ ಇಳಿಸಬೇಕಾಗುತ್ತದೆ. ಆದ್ದರಿಂದ ನಮ್ಮ ಚಿಕ್ಕವಳಿಗೆ ಕಡಲೆಬೀಜ ಹೋಗುವುದು ಪುಡಿಯಾಗಿ, ದ್ರಾಕ್ಷಿ ಹೋಗುವುದು ಉದ್ದಕ್ಕೆ ಸೀಳಿ. ಚಿತ್ರಾನ್ನದ ಒಗ್ಗರಣೆಯಲ್ಲಿರುವ ಕಡಲೆಬೀಜವನ್ನೂ ಅವಳ ಪಾಲಿನಿಂದ ಆರಿಸಿ ತೆಗೆಯುತ್ತೇವೆ. ದೊಡ್ಡವಳು ಅದನ್ನು ಸಂತೋಷದಿಂದ ತನ್ನ ಡಬ್ಬಿಗೆ ಹಾಕಿಸಿಕೊಳ್ಳುತ್ತಾಳೆ.

ಇನ್ನು ಎಷ್ಟು ತುಂಬಬೇಕು ಎಂಬ ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ, 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,360 ಕಿಲೋ ಕ್ಯಾಲೊರಿ ಮತ್ತು 16 ಗ್ರಾಂ ಪ್ರೋಟೀನ್ ಬೇಕು. 7ರಿಂದ 9 ವರ್ಷದವರಿಗೆ 1,700 ಕಿಲೋ ಕ್ಯಾಲೊರಿ ಮತ್ತು 23 ಗ್ರಾಂ. 13ರಿಂದ 15 ವರ್ಷದ ಹುಡುಗಿಯರಿಗೆ 2,400 ಕಿಲೋ ಕ್ಯಾಲೊರಿ ಮತ್ತು 43 ಗ್ರಾಂ. ಎಂದರೆ ದೊಡ್ಡವಳಿಗೆ ಬೇಕಾದ ಶಕ್ತಿ ಚಿಕ್ಕವಳಿಗಿಂತ ಒಂದೂಮುಕ್ಕಾಲು ಪಟ್ಟು, ಆದರೆ ಪ್ರೋಟೀನ್ ಎರಡೂವರೆ ಪಟ್ಟಿಗಿಂತಲೂ ಹೆಚ್ಚು. ಅನ್ನದ ಪ್ರಮಾಣವನ್ನಷ್ಟೇ ಹೆಚ್ಚಿಸುತ್ತ ಹೋದರೆ ಈ ಅಂತರ ತುಂಬುವುದಿಲ್ಲ. ವಯಸ್ಸು ಏರಿದಂತೆ ಡಬ್ಬಿಯಲ್ಲಿ ಬೇಳೆ, ಕಾಳು, ಮೊಸರು, ಮೊಟ್ಟೆಯ ಪಾಲು ಅನ್ನದ ಪಾಲಿಗಿಂತ ಬೇಗ ಏರಬೇಕು. ನಮ್ಮ ಸರ್ಕಾರಿ ಶಾಲೆಗಳ ಬಿಸಿಯೂಟದ ಲೆಕ್ಕದಲ್ಲೂ ವಯಸ್ಸಿನ ಈ ವ್ಯತ್ಯಾಸವನ್ನು ಪಾಲಿಸಲಾಗಿದೆ. ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟನೇ ತರಗತಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ಖಾಸಗಿ ಶಾಲೆಗೆ ಡಬ್ಬಿ ಕಟ್ಟುವ ನಮ್ಮಂಥವರು ಈ ಅಳತೆಯನ್ನು ಒಮ್ಮೆ ಮನೆಯ ತಕ್ಕಡಿಯಲ್ಲಿ ತೂಗಿ ನೋಡಬೇಕು. ಮನೆಯಲ್ಲಿ ಹಸಿ ತರಕಾರಿ 50 ಗ್ರಾಂ ತೂಗಿ ಪಕ್ಕದಲ್ಲಿಟ್ಟರೆ, ಚಿತ್ರಾನ್ನದಲ್ಲಿ ಅಲ್ಲಲ್ಲಿ ಕಾಣುವ ನಾಲ್ಕು ಬಟಾಣಿಯನ್ನು ತರಕಾರಿ ಎಂದು ಕರೆಯಲು ಮನಸ್ಸು ಬರುವುದಿಲ್ಲ.

ಹಾಗೆಂದು ಚಿಕ್ಕವಳ ಡಬ್ಬಿಯನ್ನು ಕಂಠಪೂರ್ತಿ ತುಂಬಬಾರದು. ತುಂಬಿದ ಡಬ್ಬಿ ಕಂಡರೆ ಆ ವಯಸ್ಸಿನ ಮಗು ಮೊದಲೇ ಸೋತಂತೆ ಕುಳಿತುಬಿಡುತ್ತದೆ. ಸ್ವಲ್ಪವೇ ಹಾಕಿ, ಅದು ಮುಗಿದು, ಮನೆಗೆ ಬಂದ ಮೇಲೆ ಹಸಿವೆಂದು ಕೇಳಿದರೆ ಆಗ ಬಡಿಸುವುದರಲ್ಲಿ ನಷ್ಟವೇನೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಊಟ ಕೆಡದಂತೆ ನೋಡಿಕೊಳ್ಳುವುದು ಮೂರೂ ವಯಸ್ಸಿಗೆ ಸಾಮಾನ್ಯವಾದ ವಿಚಾರ; ಅದಕ್ಕೆ ಸಿಗಬೇಕಾದಷ್ಟು ಗಮನ ನಮ್ಮ ಮನೆಗಳಲ್ಲಿ ಸಿಗುತ್ತಿಲ್ಲವೆಂದು ನನಗನ್ನಿಸುತ್ತದೆ. ಬೆಳಿಗ್ಗೆ ಆರಕ್ಕೆ ಬೆಂದದ್ದು ಆರೂವರೆ, ಏಳು ಗಂಟೆಗಳ ಕಾಲ ಚೀಲದಲ್ಲಿ, ವ್ಯಾನಿನಲ್ಲಿ, ತರಗತಿಯ ಮೂಲೆಯಲ್ಲಿ ಇರುತ್ತದೆ. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾಗಳು ಚೆನ್ನಾಗಿ ಬೆಳೆಯುತ್ತವೆ, ಮಾರ್ಚ್ ಏಪ್ರಿಲ್ ತಿಂಗಳ ತರಗತಿಯ ಕೋಣೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಉಳಿದಷ್ಟು ಹೊತ್ತು ಅವು ಮೊಳೆತು ಬೆಳೆದು, ಮತ್ತೆ ಬಿಸಿ ಮಾಡಿದರೂ ಹೋಗದ ವಿಷವನ್ನು ಬಿಡುತ್ತವೆ. ರಾತ್ರಿ ಉಳಿದ ಅನ್ನವನ್ನು ಕಟ್ಟೆಯ ಮೇಲೆಯೇ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಕಲಸಿ ಮಕ್ಕಳಿಗೆ ಕಟ್ಟುವ ಪದ್ಧತಿಯನ್ನು ಈ ಕಾರಣಕ್ಕಾಗಿ ಕೈಬಿಡಬೇಕು. ಉಳಿದ ಅನ್ನವನ್ನು ಬಳಸಲೇಬೇಕೆಂದರೆ ಊಟ ಮುಗಿದ ಕೂಡಲೇ ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಹಬೆಯಾಡುವಷ್ಟು ಬಿಸಿ ಮಾಡಿ, ಮನೆಯಲ್ಲೇ ತಿಂದು ಮುಗಿಸುವುದು ಮೇಲು. ಮಕ್ಕಳ ಡಬ್ಬಿಗೆ ಅಂದಿನ ಅನ್ನವೇ ಆಗಬೇಕು.

ಹಿಂದೆ ದೂರದೂರಿಗೆ ಹೊರಟವರಿಗೆ ಕಟ್ಟುತ್ತಿದ್ದ ಬುತ್ತಿಯನ್ನು ನೆನೆದರೆ ಈ ವಿಷಯದಲ್ಲಿ ಎಷ್ಟೋ ತಿಳಿಯುತ್ತದೆ. ಪುಳಿಯೋಗರೆಯ ಹುಣಸೆ, ಚಿತ್ರಾನ್ನದ ನಿಂಬೆ ಇವು ರುಚಿಗಾಗಿ ಇರುವಂತೆಯೇ ಬಾಳಿಕೆಗಾಗಿಯೂ ಇವೆ. ಹುಳಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಕಷ್ಟಪಡುತ್ತದೆ. ಉತ್ತರ ಕರ್ನಾಟಕದ ಕಡೆ ಜೋಳದ ರೊಟ್ಟಿಯ ಜೊತೆ ಕಟ್ಟುವ ಶೇಂಗಾ, ಅಗಸೆ, ಗುರೆಳ್ಳಿನ ಚಟ್ನಿಪುಡಿಗಳಲ್ಲಿ ನೀರಿನ ಅಂಶವೇ ಇಲ್ಲದಿರುವುದರಿಂದ ಅವು ಕೆಡುವುದಿಲ್ಲ. ಹಸಿ ತೆಂಗಿನಕಾಯಿಯ ಚಟ್ನಿ ಮಾತ್ರ ಸೆಖೆಯ ದಿನ ಹತ್ತು ಗಂಟೆಗೇ ವಾಸನೆ ಬರುತ್ತದೆ. ಇಡ್ಲಿಗೆ ಬೇಸಿಗೆಯಲ್ಲಿ ಎಳ್ಳೆಣ್ಣೆ ಸವರಿ ಚಟ್ನಿಪುಡಿ ಉದುರಿಸಿ ಕಟ್ಟುವುದೇ ಸರಿ. ಮೊಸರನ್ನದ ವಿಷಯದಲ್ಲಿ ಅತ್ತೆಯವರು ಅನುಸರಿಸುವ ಕ್ರಮವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಮೆತ್ತಗೆ ಬೆಂದ ಅನ್ನವನ್ನು ಚೆನ್ನಾಗಿ ಹಿಸುಕಿ, ಉಗುರು ಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಹಾಲನ್ನು ಧಾರಾಳವಾಗಿ ಸುರಿದು, ಮೊಸರನ್ನು ಒಂದೇ ಒಂದು ಚಮಚ ಬೆರೆಸುತ್ತಾರೆ. ಅದು ಡಬ್ಬಿಯೊಳಗೇ ಹೆಪ್ಪಾಗಿ, ಮಧ್ಯಾಹ್ನದ ಹೊತ್ತಿಗೆ ಹುಳಿಯಿಲ್ಲದ ಸಿಹಿ ಮೊಸರನ್ನವಾಗಿರುತ್ತದೆ. ಬೆಳಿಗ್ಗೆಯೇ ಪೂರ್ತಿ ಮೊಸರು ಕಲಸಿ ಕಳಿಸಿದರೆ ಆ ಹೊತ್ತಿಗೆ ಅದು ಮಕ್ಕಳು ಮುಖ ಕಿವಿಚುವಷ್ಟು ಹುಳಿಯಾಗಿರುತ್ತದೆ. ಅದಕ್ಕೆ ತುರಿದ ಕ್ಯಾರೆಟ್ಟನ್ನೂ ದಾಳಿಂಬೆ ಕಾಳನ್ನೂ ಸೇರಿಸಬಹುದು. ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ, ಬೇಡ.

ನಾಲ್ಕನೇ ತರಗತಿಯ ಹುಡುಗನ ವಿಷಯಕ್ಕೆ ಬಂದರೆ, ಅವನಿಗೆ ಮುಚ್ಚಳದ ತೊಂದರೆಯೂ ಇಲ್ಲ, ಚಪಾತಿ ಹರಿಯುವ ತೊಂದರೆಯೂ ಇಲ್ಲ. ಅವನ ಊಟವನ್ನು ನಿರ್ಧರಿಸುವುದು ಪಕ್ಕದಲ್ಲಿ ಕುಳಿತ ಗೆಳೆಯರು. ಸರ್ಕಾರಿ ಶಾಲೆಯ ಬಿಸಿಯೂಟದಲ್ಲಿ ಎಲ್ಲರ ತಟ್ಟೆಗೂ ಒಂದೇ ಅನ್ನ, ಒಂದೇ ಸಾಂಬಾರು ಬೀಳುತ್ತದೆ, ಆ ಸಮಾನತೆಗೆ ದೊಡ್ಡ ಬೆಲೆಯಿದೆ. ಡಬ್ಬಿ ಒಯ್ಯುವ ಶಾಲೆಗಳಲ್ಲಿ ಮೂವತ್ತು ಮನೆಗಳ ಅಡುಗೆ ಒಟ್ಟಿಗೆ ತೆರೆದುಕೊಳ್ಳುತ್ತದೆ. ಒಬ್ಬನಲ್ಲಿ ನೂಡಲ್ಸ್, ಇನ್ನೊಬ್ಬನಲ್ಲಿ ಬ್ರೆಡ್ ಜಾಮ್, ಮತ್ತೊಬ್ಬನಲ್ಲಿ ರಾಗಿ ರೊಟ್ಟಿ. ಎಂಟು ಒಂಬತ್ತರ ವಯಸ್ಸಿನ ಮಕ್ಕಳು ಯಾವುದು ಕಪ್ಪಗಿದೆ, ಯಾವುದು ವಾಸನೆ ಬರುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಒಮ್ಮೆ ಅಂಥ ಮಾತು ಕೇಳಿಸಿಕೊಂಡ ಹುಡುಗ ಮರುದಿನ ಮುಚ್ಚಳವನ್ನು ಅರ್ಧ ಮಾತ್ರ ತೆರೆದು, ಕೈಮರೆ ಮಾಡಿ ತಿನ್ನುತ್ತಾನೆ, ಅಥವಾ ತಿನ್ನುವುದೇ ಇಲ್ಲ.

ರಾಗಿಯನ್ನು ಈ ಕಾರಣಕ್ಕೆ ಬಿಡುವುದು ನನಗೆ ಒಪ್ಪಿಗೆಯಾಗದ ಮಾತು. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಸುಣ್ಣದ ಅಂಶವಿದೆ, 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು 650 ಮಿಲಿಗ್ರಾಂ. ಮಂಡ್ಯ, ಮೈಸೂರು, ಹಾಸನದ ಕಡೆಯ ಮನೆಗಳಲ್ಲಿ ಹೊಸದಾಗಿ ಕಲಿಯಬೇಕಾದ ಧಾನ್ಯವೂ ಅಲ್ಲ. ಅದನ್ನು ಯಾವ ರೂಪದಲ್ಲಿ ಕಳಿಸಬೇಕೆಂಬುದೇ ಯೋಚಿಸಬೇಕಾದ ಸಂಗತಿ. ಮುದ್ದೆಯನ್ನು ಡಬ್ಬಿಯಲ್ಲಿ ಕಳಿಸಲಾಗದು, ತಣ್ಣಗಾದ ರಾಗಿ ರೊಟ್ಟಿ ಬಿರುಸಾಗುತ್ತದೆ. ಸೋರೆಕಾಯಿಯನ್ನೋ ಸೌತೆಕಾಯಿಯನ್ನೋ ತುರಿದು, ಅದರ ನೀರಿನಲ್ಲಿಯೇ ಹಿಟ್ಟು ಕಲಸಿ, ಈರುಳ್ಳಿ, ಸಬ್ಬಸಿಗೆ ಸೊಪ್ಪು ಸೇರಿಸಿ ತೆಳ್ಳಗೆ ತಟ್ಟಿದ ರೊಟ್ಟಿ ಮಧ್ಯಾಹ್ನದವರೆಗೆ ಮೆತ್ತಗಿರುತ್ತದೆ. ಉದ್ದಿನ ಜೊತೆ ರುಬ್ಬಿ ಹುದುಗಿಸಿದ ರಾಗಿ ದೋಸೆ, ರಾಗಿ ಪಡ್ಡು ಇವೂ ಹಾಗೆಯೇ. ಸಣ್ಣ ಬಿಡುವಿಗೆಂದು ಕೊಡುವ ಪುಟ್ಟ ಡಬ್ಬಿಯಲ್ಲಿ ರಾಗಿ ಹುರಿಹಿಟ್ಟಿಗೆ ಬೆಲ್ಲ, ತುಪ್ಪ, ಕಡಲೆಬೀಜದ ಪುಡಿ ಸೇರಿಸಿ ಕಟ್ಟಿದ ಉಂಡೆ ಹೋದರೆ, ಅದನ್ನು ಹಂಚಿಕೊಳ್ಳಲು ಗೆಳೆಯರೇ ಕೈಚಾಚುತ್ತಾರೆ. ಹಂಚಿ ತಿನ್ನುವ ವಯಸ್ಸಿನ ಹುಡುಗನ ಡಬ್ಬಿಗೆ ಅವನಿಗೆ ಬೇಕಾದಷ್ಟೇ ಲೆಕ್ಕ ಹಾಕಿ ತುಂಬುವುದರಲ್ಲಿ ಅರ್ಥವಿಲ್ಲ. ಎರಡು ಉಂಡೆ ಹೆಚ್ಚಿಗೆ ಇಟ್ಟರೆ, ಅವನು ಕೊಟ್ಟು ತಿಂದ ಸಂತೋಷದಲ್ಲಿ ತನ್ನ ಪಾಲನ್ನೂ ಮುಗಿಸುತ್ತಾನೆ. ಕಡಲೆಬೀಜ ಒಗ್ಗದ ಮಕ್ಕಳು ತರಗತಿಯಲ್ಲಿದ್ದರೆ ಅದನ್ನು ಮೊದಲೇ ವಿಚಾರಿಸಿ ತಿಳಿದಿರಬೇಕು.

ಮೊಟ್ಟೆಯ ವಿಚಾರವನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಆರಂಭವಾಗಿ, ಅನಂತರ ಇಡೀ ರಾಜ್ಯದಲ್ಲಿ ಬಿಸಿಯೂಟದ ಜೊತೆ ಬೇಯಿಸಿದ ಮೊಟ್ಟೆ ಕೊಡಲಾಗುತ್ತಿದೆ. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಆದರೆ ಕೆಲವು ಖಾಸಗಿ ಶಾಲೆಗಳಲ್ಲಿ ಡಬ್ಬಿಯಲ್ಲಿ ಮೊಟ್ಟೆ ತರಬಾರದೆಂದು ಸೂಚನೆ ಕೊಡುತ್ತಾರೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಒಳ್ಳೆಯ ಪ್ರೋಟೀನ್ ಇದೆ, ಬೆಲೆಯೂ ಕಡಿಮೆ, ಕಟ್ಟುವುದೂ ಸುಲಭ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಆದರೂ ತಿನ್ನುವ ಮನೆಯ ಮಗು ಅದನ್ನು ಅಂಜಿಕೆಯಿಲ್ಲದೆ ತಂದು ತಿನ್ನುವಂತಿರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಬೇರೆಯವರ ಡಬ್ಬಿಯ ಬಗ್ಗೆ ಮೂಗು ಮುರಿಯಬಾರದೆಂಬುದನ್ನು ನಾವು ಮಗನಿಗೆ ಕಲಿಸಿದ್ದೇವೆ, ಅವನ ರಾಗಿ ರೊಟ್ಟಿಗೆ ಗೌರವ ಸಿಗಬೇಕಾದರೆ ಇನ್ನೊಬ್ಬರ ಮೊಟ್ಟೆಗೂ ಅವನಿಂದ ಅದೇ ಗೌರವ ಸಿಗಬೇಕು.

ಅವನ ವಯಸ್ಸಿನಲ್ಲೇ ಶಾಲೆಯ ಹೊರಗಿನ ಅಂಗಡಿಯ ಆಕರ್ಷಣೆಯೂ ಶುರುವಾಗುತ್ತದೆ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಶಾಲೆ ಬಿಡುವ ಹೊತ್ತಿನಲ್ಲಿ ಗೇಟಿನ ಬಳಿ ನಿಂತವರಿಗೆ ಆ ನಿಯಮದ ಪಾಲನೆ ಎಷ್ಟಾಗುತ್ತಿದೆಯೆಂಬುದು ಕಾಣುತ್ತದೆ. ಮಧ್ಯಾಹ್ನ ಹೊಟ್ಟೆ ತುಂಬಿದ ಮಗುವಿಗೆ ಅಂಗಡಿಯ ಮುಂದೆ ಹಾದುಬರುವುದು ಅಷ್ಟು ಕಷ್ಟವಾಗುವುದಿಲ್ಲ.

ಒಂಬತ್ತನೇ ತರಗತಿಯ ಹುಡುಗಿಯ ಡಬ್ಬಿಯ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ. ಚಿಕ್ಕ ಮಗುವಿನ ಊಟದ ಬಗ್ಗೆ ಇಡೀ ಮನೆ ತಲೆಕೆಡಿಸಿಕೊಳ್ಳುತ್ತದೆ. ಹದಿನಾಲ್ಕರ ಹುಡುಗಿ ಊಟ ಬಿಟ್ಟರೆ, ಅವಳಿಗೆ ಬುದ್ಧಿ ಬಂದಿದೆ, ಬೇಕಾದರೆ ತಿನ್ನುತ್ತಾಳೆ ಎಂದು ಸುಮ್ಮನಾಗುತ್ತೇವೆ. ಆದರೆ ಅವಳ ದೇಹ ಕೇಳುವುದು ಈ ವಯಸ್ಸಿನಲ್ಲಿಯೇ ಹೆಚ್ಚು. ನಾನು ಮೇಲೆ ಹೇಳಿದ ಅದೇ ಪಟ್ಟಿಯಲ್ಲಿ ಕಬ್ಬಿಣಾಂಶದ ಲೆಕ್ಕ ನೋಡಬೇಕು: 4ರಿಂದ 6 ವರ್ಷಕ್ಕೆ ದಿನಕ್ಕೆ 11 ಮಿಲಿಗ್ರಾಂ, 7ರಿಂದ 9 ವರ್ಷಕ್ಕೆ 15, 13ರಿಂದ 15 ವರ್ಷದ ಹುಡುಗರಿಗೆ 22, ಅದೇ ವಯಸ್ಸಿನ ಹುಡುಗಿಯರಿಗೆ 30. ಒಂದೇ ಮನೆಯ ಚಿಕ್ಕವಳಿಗೂ ದೊಡ್ಡವಳಿಗೂ ಸುಮಾರು ಮೂರು ಪಟ್ಟು ವ್ಯತ್ಯಾಸ. 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಹದಿಹರೆಯದ ಹುಡುಗಿಯರಲ್ಲಿ ಶೇ 40ರಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತ್ತು. ಮಧ್ಯಾಹ್ನದ ನಂತರದ ಪಾಠದಲ್ಲಿ ತೂಕಡಿಸುವುದು, ಮೆಟ್ಟಿಲು ಹತ್ತಿದರೆ ಸುಸ್ತಾಗುವುದು, ಓದಿದ್ದು ತಲೆಗೆ ಹತ್ತುತ್ತಿಲ್ಲವೆನ್ನುವುದು ಇವುಗಳನ್ನೆಲ್ಲ ಸೋಮಾರಿತನವೆಂದು ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು.

ಅವಳು ಊಟ ಬಿಡುವುದಕ್ಕೆ ಕಾರಣಗಳು ಬೇರೆ. ಬೆಳಗಿನ ಟ್ಯೂಷನ್ನಿನ ಅವಸರದಲ್ಲಿ ತಿಂಡಿಯೇ ಆಗಿರುವುದಿಲ್ಲ, ಹತ್ತೂವರೆಯ ಸಣ್ಣ ಬಿಡುವಿಗೆ ಹಸಿವು ತಾಳಲಾರದೆ ಊಟದ ಡಬ್ಬಿಯನ್ನೇ ಅರ್ಧ ತಿಂದು, ಊಟದ ಹೊತ್ತಿನಲ್ಲಿ ಪ್ರಾಜೆಕ್ಟ್, ಟೆಸ್ಟ್ ಎಂದು ಬರೆಯುತ್ತ ಕೂರುತ್ತಾಳೆ. ದಪ್ಪಗಾಗುತ್ತೇನೆಂಬ ಭಯವೂ ಈ ವಯಸ್ಸಿನಲ್ಲಿ ಗೆಳತಿಯರ ನಡುವೆ ಸುತ್ತುತ್ತಿರುತ್ತದೆ. ಅದನ್ನು ಗದರಿ ಓಡಿಸಲಾಗುವುದಿಲ್ಲ, ಮನೆಯಲ್ಲಿ ಯಾರೂ ಅವಳ ಮೈಕಟ್ಟಿನ ಬಗ್ಗೆ ಮಾತಾಡದಂತೆ ನೋಡಿಕೊಳ್ಳಬೇಕು. ಅವಳಿಗೆ ಒಂದು ದೊಡ್ಡ ಡಬ್ಬಿಗಿಂತ ಎರಡು ಸಾಧಾರಣ ಡಬ್ಬಿಗಳು ಉಪಯೋಗಕ್ಕೆ ಬರುತ್ತವೆ. ಹತ್ತೂವರೆಗೆ ಮೊಳಕೆ ಹೆಸರುಕಾಳಿನ ಉಸಲಿ, ಅವಲಕ್ಕಿ, ಅಥವಾ ಎಳ್ಳುಂಡೆಯೊಂದಿಗೆ ಒಂದು ಹಣ್ಣು. ಮಧ್ಯಾಹ್ನಕ್ಕೆ ಗಟ್ಟಿಯಾದ ಊಟ. ಹುರುಳಿಕಾಳು, ಕಡಲೆಕಾಳು, ದಂಟಿನ ಸೊಪ್ಪು, ನುಗ್ಗೆಸೊಪ್ಪು, ಎಳ್ಳು ಇವುಗಳಲ್ಲಿ ಕಬ್ಬಿಣಾಂಶವಿದೆ, ಆದರೆ ಸಸ್ಯಾಹಾರದ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೀರಿಕೊಳ್ಳುವ ಪ್ರಮಾಣ ಹೆಚ್ಚುತ್ತದೆ. ಆದ್ದರಿಂದ ಕಾಳಿನ ಉಸಲಿಯ ಜೊತೆ ನಿಂಬೆ ಹೋಳೊಂದನ್ನು ಬೇರೆಯಾಗಿ ಇಡುವುದು, ಬೆಂದದ್ದರ ಮೇಲೆ ತಿನ್ನುವಾಗಲೇ ಹಿಂಡಿಕೊಳ್ಳಲು ಹೇಳುವುದು, ಸೀಬೆಕಾಯಿ ಕಾಲದಲ್ಲಿ ನಾಲ್ಕು ಹೋಳು ಸೀಬೆ ಸೇರಿಸುವುದು ಇವು ಸಣ್ಣ ಕೆಲಸಗಳಾದರೂ ಪರಿಣಾಮ ದೊಡ್ಡದು. ಬಿಸಿಯಲ್ಲಿ ವಿಟಮಿನ್ ಸಿ ಕರಗಿಹೋಗುವುದರಿಂದ ಒಗ್ಗರಣೆಯಲ್ಲೇ ನಿಂಬೆಹುಳಿ ಕುದಿಸಬಾರದು. ಊಟದ ಜೊತೆಗೇ ಕಾಫಿ, ಚಹಾ ಕುಡಿಯುವ ಅಭ್ಯಾಸವೂ ಕಬ್ಬಿಣಾಂಶಕ್ಕೆ ಅಡ್ಡಿ. ನಮ್ಮಲ್ಲಿ ಬೆಳಗಿನ ತಿಂಡಿಯೊಂದಿಗೆ ಮಕ್ಕಳಿಗೂ ಕಾಫಿ ಕೊಡುವ ರೂಢಿಯಿದ್ದರೆ ಅದನ್ನು ನಿಲ್ಲಿಸಬೇಕು. ಡಬ್ಬಿಯೊಂದರಿಂದಲೇ 30 ಮಿಲಿಗ್ರಾಂ ಮುಟ್ಟಲಾಗದು. ವೈದ್ಯರು ಹೇಳಿದರೆ ಮಾತ್ರೆಯನ್ನೂ, ಶಾಲೆಗಳಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನೂ ಹಿಂಜರಿಯದೆ ತೆಗೆದುಕೊಳ್ಳಬೇಕು.

ಇಷ್ಟೆಲ್ಲವನ್ನು ಬೆಳಗಿನ ಒಂದು ಗಂಟೆಯಲ್ಲಿ ಮಾಡುವುದು ಹೇಗೆ ಎಂದು ಕೇಳುವವರಿಗೆ ನಮ್ಮ ಮನೆಯ ಒಂದು ಸಾಧಾರಣ ದಿನದ ಅಡುಗೆಯನ್ನು ಹೇಳುತ್ತೇನೆ. ಹಿಂದಿನ ರಾತ್ರಿ ಕಡಲೆಕಾಳು ನೆನೆಸಿರುತ್ತೇವೆ, ಮೆಂತ್ಯಸೊಪ್ಪು ಬಿಡಿಸಿ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತೇವೆ. ಬೆಳಿಗ್ಗೆ ಕಾಳು ಕುಕ್ಕರಿಗೆ ಹೋಗುತ್ತದೆ, ಸೊಪ್ಪು ಚಪಾತಿ ಹಿಟ್ಟಿಗೆ ಸೇರುತ್ತದೆ. ದೊಡ್ಡವಳಿಗೆ ಮೂರು ಮೆಂತ್ಯ ಚಪಾತಿ, ಕಾಳಿನ ಗಟ್ಟಿ ಪಲ್ಯ, ನಿಂಬೆ ಹೋಳು. ಹುಡುಗನಿಗೆ ಎರಡು ಚಪಾತಿ, ಅದೇ ಪಲ್ಯಕ್ಕೆ ಆಲೂಗಡ್ಡೆ ಬೆರೆಸಿ ಒಳಗೆ ಹರಡಿ ಮಡಿಸಿದ್ದು, ಜೊತೆಗೆ ಏಲಕ್ಕಿ ಬಾಳೆ. ಚಿಕ್ಕವಳಿಗೆ ಅದೇ ಹಿಟ್ಟಿನಲ್ಲಿ ಪೂರಿಯಷ್ಟಗಲದ ಪುಟ್ಟ ಚಪಾತಿಗಳನ್ನು ಮಾಡಿ ನಾಲ್ಕು ತುಂಡು ಮಾಡಿದ್ದು. ಕಾಳನ್ನು ಬೆರಳಲ್ಲಿ ನುರಿದು ಮೊಸರಿನೊಂದಿಗೆ ಕಲಸಿ ಬೇರೆ ಗುಂಡಿಯಲ್ಲಿ. ಒಲೆಯ ಮೇಲಿನ ಕೆಲಸ ಒಂದೇ, ಡಬ್ಬಿಗೆ ತುಂಬುವಾಗ ಹತ್ತು ನಿಮಿಷ ಹೆಚ್ಚು ಬೇಕು. ಬಿಡುವಿರುವ ಭಾನುವಾರ ಎರಡು ಬಗೆಯ ಚಟ್ನಿಪುಡಿ, ಹುರಿಹಿಟ್ಟು, ಪಡ್ಡಿನ ಹಿಟ್ಟು ಇಷ್ಟು ಸಿದ್ಧವಾದರೆ ವಾರ ಸಾಗುತ್ತದೆ. ಈ ಹತ್ತು ನಿಮಿಷದ ಕೆಲಸವನ್ನು ನಮ್ಮ ಮನೆಯಲ್ಲಿ ಈಗ ಗಂಡಸರು ಮಾಡುತ್ತಾರೆ. ಯಾರ ಡಬ್ಬಿಗೆ ಏನು ಹೋಗಬೇಕೆಂಬುದು ಅವರಿಗೂ ಗೊತ್ತಿರಬೇಕು. ಡಬ್ಬಿಯ ಜವಾಬ್ದಾರಿ ಒಬ್ಬ ತಾಯಿಯ ತಲೆಯ ಮೇಲೆಯೇ ಇರುವ ಮನೆಗಳಲ್ಲಿ ಅವಳಿಗೆ ಜ್ವರ ಬಂದ ದಿನ ಮಕ್ಕಳ ಕೈಗೆ ಬಿಸ್ಕತ್ ಪೊಟ್ಟಣ ಬರುತ್ತದೆ.

ಸಂಜೆ ಹಿಂತಿರುಗಿದ ಡಬ್ಬಿಯನ್ನು ತೊಳೆಯುವ ಮೊದಲು ತೆರೆದು ನೋಡುವುದು ಬೆಳಗಿನ ಅಡುಗೆಯಷ್ಟೇ ಮುಖ್ಯ. ಪಲ್ಯ ಉಳಿದು ಚಪಾತಿ ಮುಗಿದಿದ್ದರೆ ಪಲ್ಯ ಖಾರವಾಗಿರಬಹುದು. ಚಪಾತಿ ಅರ್ಧ ಉಳಿದಿದ್ದರೆ ಸಮಯ ಸಾಲದೆ ಹೋಗಿರಬಹುದು. ಏನೂ ಮುಟ್ಟಿಲ್ಲವಾದರೆ ಜಗಳವೋ, ಹೊಟ್ಟೆನೋವೋ, ಯಾರೋ ಆಡಿದ ಮಾತೋ ಇರಬಹುದು. ಏಕೆ ತಿಂದಿಲ್ಲ ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳಿದರೆ ಮರುದಿನದಿಂದ ಮಗು ಉಳಿದದ್ದನ್ನು ಶಾಲೆಯ ತೊಟ್ಟಿಗೆ ಸುರಿದು ಖಾಲಿ ಡಬ್ಬಿ ತರುವುದನ್ನು ಕಲಿಯುತ್ತದೆ, ಆಮೇಲೆ ನಮಗೆ ಏನೂ ತಿಳಿಯುವುದಿಲ್ಲ. ಉಳಿಸಿ ತಂದರೂ ಬೈಗುಳವಿಲ್ಲವೆಂಬ ಧೈರ್ಯ ಅವರಿಗಿರಬೇಕು.

ಕೊನೆಯದಾಗಿ ಶಾಲೆಗಳನ್ನು ನಡೆಸುವವರಲ್ಲಿ ಒಂದು ವಿನಂತಿಯಿದೆ. ನಾವು ಎಷ್ಟೇ ಯೋಚಿಸಿ ಕಟ್ಟಿದರೂ ಕೈತೊಳೆಯಲು ಸರದಿ, ಡಬ್ಬಿ ತೆರೆಯಲು ಸರದಿ, ಮುಗಿಸುವ ಮೊದಲೇ ಗಂಟೆ ಎಂದಾದರೆ ಊಟ ಉಳಿಯುತ್ತದೆ. ಕೆಳಗಿನ ತರಗತಿಗಳ ಮಕ್ಕಳಿಗೆ ಆಟದ ಹೊತ್ತನ್ನು ಬಿಟ್ಟು ಊಟಕ್ಕೇ ಮೂವತ್ತು ನಿಮಿಷ ಬೇಕು. ಆಟವನ್ನು ಊಟಕ್ಕೆ ಮೊದಲು ಇಟ್ಟರೆ ಮಕ್ಕಳು ಹಸಿದು ಬಂದು ತಿನ್ನುತ್ತಾರೆ, ಆಟಕ್ಕೆ ಓಡುವ ಆತುರವೂ ಇರುವುದಿಲ್ಲ. ಮೇಲಿನ ತರಗತಿಗಳಲ್ಲಿ ಊಟದ ಹೊತ್ತಿನಲ್ಲಿ ಟೆಸ್ಟ್ ಇಡುವುದನ್ನೂ ನೋಟ್ಸ್ ಬರೆಸುವುದನ್ನೂ ನಿಲ್ಲಿಸಬೇಕು. ಮುಂದಿನ ಪೋಷಕರ ಸಭೆಯಲ್ಲಿ ಈ ಎರಡು ವಿಷಯಗಳನ್ನು ಎತ್ತಬೇಕೆಂದು ನಾವು ಕೆಲವು ಪೋಷಕರು ಮಾತಾಡಿಕೊಂಡಿದ್ದೇವೆ, ಮನವಿಯ ಕರಡನ್ನು ಓರಗಿತ್ತಿ ಬರೆಯುತ್ತಿದ್ದಾಳೆ.